ಮಾತ್ರೆ ಎಣಿಸಿದ್ರ ತಪ್ಪು ಸಿಗತಾವ

"ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು." ಕನ್ನಡ ಸಾಲ್ಯಾಗ ಕಲ್ತವ್ರನ್ನ ನಡುರಾತ್ರ್ಯಾಗ ಎಬ್ಬಿಸಿ ಉಪಮಾಲಂಕಾರಕ್ಕ ಒಂದು ಉದಾಹರಣಿ ಕೊಡಪಾ ಅಂದ್ರ ಇದ ಬರತೈತಿ. ಅದರ ಬೆನ್ನಿಗೇ ಉಳಿದದ್ದೂ ಬರತೈತಿ, ಉಪಮೇಯ ಭೀಮ ದುರ್ಯೋಧನರು, ಉಪಮಾನ ಮದಗಜಗಳು, ಉಪಮಾವಾಚಕ ಅಂತೆ, ಸಮಾನಧರ್ಮ ಹೋರಾಡುವುದು, ಸಮನ್ವಯ ಅಂತ ಎರಡು ಸಾಲು, ಕೆಳಗ ಸ್ಕೇಲ್ ಇಟ್ಟು ಒಂದು ಗೆರಿ, ಮುಗೀತು, ಅಂಕ ಕಿಸೇದಾಗ. ಯಾರೂ ಒಮ್ಮೆನೂ ಕೇಳಂಗಿಲ್ಲ, ಅಲ್ರೀ ಸರ, ಆನೀನ ಯಾಕ ಬೇಕಾಗಿತ್ತು, ಎತ್ತು ಹೋರಾಡಂಗಿಲ್ಲೇನು, ಟಗರು ಹೋರಾಡಂಗಿಲ್ಲೇನು ಅಂತ. ಕೇಳಿದ್ರ ಕುಂದರಲೇ ಅಂತಾರ, ಪರೀಕ್ಷಾಕ್ಕ ಅದು ಬರಂಗಿಲ್ಲ.

ನನ್ನ ತಕರಾರು ಪರೀಕ್ಷೆ ಮ್ಯಾಲ ಅಲ್ಲ, ಬಾಯಿಪಾಠದ ಮ್ಯಾಲೂ ಅಲ್ಲ (ಬಾಯಿಪಾಠ ಮಾಡಿದ್ದಕ್ಕನ ಇವತ್ತಿಗೂ ನೆನಪೈತಿ, ಅದನ್ನ ಬೈಯೂ ಫ್ಯಾಶನ್ ನನಗ ಹಿಡಸಂಗಿಲ್ಲ). ತಕರಾರು ಏನಂದ್ರ, ಛಂದಸ್ಸು ಅಲಂಕಾರ ಪ್ರಾಸ ಅಂತ ಇಷ್ಟೆಲ್ಲಾ ಹೆಸರು ಕಲಿಸಿ, ಆ ಹೆಸರು ಹಿಡಕೊಂಡು ಮಾಡೂ ಕೆಲಸ ಏನು ಅನ್ನೂದನ್ನ ಕಲಸದನ ಬಿಟ್ಟುಬಿಡ್ತಾರ. ನನಗ ಆ ಕೆಲಸ ತಿಳಿದಿದ್ದು ಸಾಲ್ಯಾಗ ಅಲ್ಲ, ಪ್ರೂಫ್ ತಿದ್ದೂ ಟೇಬಲ್ಲಿನ ಮ್ಯಾಲ.

ನಮ್ದು ಗದಗದಾಗ ಒಂದು ಸಣ್ಣ ಡಿಟಿಪಿ ಅಂಗಡಿ. ಗದಗಕ್ಕ ಮುದ್ರಣ ಕಾಶಿ ಅಂತಾರ, ಪ್ರೆಸ್ಸುಗಳು ಮೊದಲಿನಿಂದನೂ ಇಲ್ಲಿ ಭಾಳ, ಹಿಂಗಾಗಿ ಸುತ್ತಿನ ಹಳ್ಳಿ ಮಠದವ್ರು, ಸಂಘದವ್ರು, ಕವನ ಬರಿಯೂ ರಿಟೈರ್ಡ್ ಮಂದಿ ಎಲ್ಲಾರೂ ಇಲ್ಲಿಗೇ ಬಂದು ಬೀಳತಾರ. ಲಗ್ನಪತ್ರಿಕಿ, ಪುಣ್ಯಸ್ಮರಣಿ ಕಾರ್ಡು, ಬಿಲ್ ಬುಕ್ಕು ಇವು ಹೊಟ್ಟಿಗೆ ಹಾಕೂ ಕೆಲಸ. ನಡುನಡುವ ಹಳೇ ಪುರಾಣಗಳ ಮರುಮುದ್ರಣ ಬರತಾವ. ನಮ್ಮ ಕಡೆ ಶ್ರಾವಣ ಬಂತಂದ್ರ ಮಠದಾಗ ಪುರಾಣ ಹಚ್ಚತಾರಲ್ಲಾ, ಗವಾಯಿಗಳು ಪದ್ಯ ಹಾಡೂದು ಶಾಸ್ತ್ರಿಗಳು ಅರ್ಥ ಹೇಳೂದು, ಆ ಪುರಾಣಗಳು ಭಾಳಷ್ಟು ಷಟ್ಪದಿಯೊಳಗ, ಅಂದ್ರ ಆರು ಸಾಲಿನ ಪದ್ಯದೊಳಗ ಇರತಾವ. ಹಳೇ ಪುಸ್ತಕ ಅಂದ್ರ ಹಾಳಿ ಮುಟ್ಟಿದ್ರ ಮುರೀತಾವ, ಅರ್ಧ ಅಕ್ಷರ ಹುಳಾ ತಿಂದಿರತಾವ, ಅದನ್ನ ನೋಡಿ ಟೈಪ್ ಮಾಡೂ ಹುಡುಗಗ ಹಳಗನ್ನಡ ನಡುಗನ್ನಡ ಯಾವ್ದೂ ಗೊತ್ತಿರಂಗಿಲ್ಲ, ಮ್ಯಾಲ ಹಳೇ ಫಾಂಟಿನ ಫೈಲ್ ಯೂನಿಕೋಡಿಗೆ ತಿರುಗಿಸಿದಾಗ ಅಲ್ಲೊಂದು ದೀರ್ಘ ಇಲ್ಲೊಂದು ಒತ್ತು ಉದುರಿ ಹೋಗಿರತಾವ.

ಇಂಥಾದ್ದನ್ನೆಲ್ಲಾ ತಿದ್ದಾಕ ಒಬ್ಬರು ಮಾಸ್ತರು ಬರತಾರ, ಹೈಸ್ಕೂಲಿನ್ಯಾಗ ಕನ್ನಡ ಕಲಿಸಿ ರಿಟೈರ್ ಆದವ್ರು. ಮಧ್ಯಾಹ್ನ ಊಟ ಮುಗಿಸಿ ಬಂದು, ಕನ್ನಡಕ ಒರಸಿಕೊಂಡು, ಕೆಂಪು ಪೆನ್ನು ತಗದು ಕುಂದ್ರತಾರ. ಅವ್ರು ಪದ್ಯ ತಿದ್ದೂದನ್ನ ಮೊದಲಿಗೆ ನೋಡಿದಾಗ ನನಗ ವಿಚಿತ್ರ ಅನಿಸಿತ್ತು, ಯಾಕಂದ್ರ ಅವ್ರು ಮೂಲ ಪುಸ್ತಕ ನೋಡ್ತನ ಇರ್ಲಿಲ್ಲ. ಎಡಗೈ ಟೇಬಲ್ ಮ್ಯಾಲ ಮೆಲ್ಲಕ ಬಡೀತಿತ್ತು, ತಕಿಟ ತಕಧಿಮಿ ತಕಿಟ ತಕಧಿಮಿ, ಬಲಗೈಯಾಗಿನ ಪೆನ್ನು ಸಾಲಿನ ಮ್ಯಾಲ ಹರೀತಿತ್ತು, ಎಡಗೈ ನಿಂತಲ್ಲೇ ಪೆನ್ನೂ ನಿಂತು ಒಂದು ಸುತ್ತು ಹಾಕ್ತಿತ್ತು. ಆಮ್ಯಾಲ ಮೂಲ ತಗದು ನೋಡಿದ್ರ ತಪ್ಪು ಅಲ್ಲೇ ಇರ್ತಿತ್ತು.

ಅದೆಂಗ್ರೀ ಸರ ಅಂತ ಕೇಳಿದ್ದಕ್ಕ "ತಮ್ಮಾ, ಭಾಮಿನಿ ಷಟ್ಪದಿ ಓದೀ ಇಲ್ಲೋ ಹತ್ತನೇತ್ತಾದಾಗ?" ಅಂದ್ರು. ಓದಿದ್ದೆ, ಪ್ರಸ್ತಾರ ಹಾಕಿದ್ದೆ, ಗಣ ವಿಂಗಡಣಿ ಮಾಡಿದ್ದೆ, ಆದ್ರ ಅದು ಪೇಪರಿನ ಮ್ಯಾಲಿನ ಬಟ್ಟಲ ಗುರುತು ಗೆರಿ ಗುರುತು ಅಷ್ಟ ಆಗಿತ್ತು.

ಅವ್ರು ಆವತ್ತು ತೋರಿಸಿದ್ದನ್ನ ಇಲ್ಲೂ ತೋರಸ್ತೀನಿ, ಯಾಕಂದ್ರ ಇದನ್ನ ಒಮ್ಮೆ ಕೈಯಾರೆ ಮಾಡಿ ನೋಡದಿದ್ರ ಗೊತ್ತಾಗಂಗಿಲ್ಲ. ಪದ್ಯ ನಮ್ಮ ಊರಿಂದನ. ಕುಮಾರವ್ಯಾಸನ ಊರು ಹುಬ್ಬಳ್ಳಿ ಹತ್ರದ ಕೋಳಿವಾಡ, ಆದ್ರ ಭಾರತ ಬರದದ್ದು ಗದಗಿನ ವೀರನಾರಾಯಣ ಗುಡಿಯೊಳಗ ಅಂತ ಪ್ರತೀತಿ, ಅಂವ ಒರಗಿ ಕುಂದ್ರತಿದ್ದ ಕಂಬ ಇದ ನೋಡ್ರಿ ಅಂತ ಗುಡ್ಯಾಗ ಇವತ್ತಿಗೂ ತೋರಸ್ತಾರ. ಅವನ ಭಾರತದ ಶುರುವಿಗೆ ಬರೂ ಪದ್ಯ ಇದು:

ತಿಣುಕಿದನು ಫಣಿರಾಯ ರಾಮಾ
ಯಣದ ಕವಿಗಳ ಭಾರದಲಿ ತಿಂ
ತಿಣಿಯ ರಘುವರ ಚರಿತೆಯಲಿ ಕಾಲಿಡಲು ತೆರಪಿಲ್ಲ
ಬಣಗು ಕವಿಗಳ ಲೆಕ್ಕಿಪನೆ ಸಾ
ಕೆಣಿಸದಿರು ಶುಕರೂಪನಲ್ಲವೆ
ಕುಣಿಸಿ ನಗನೇ ಕವಿ ಕುಮಾರವ್ಯಾಸನುಳಿದವರ

ಅರ್ಥ ಸರಳ ಐತಿ, ಸೊಕ್ಕೂ ಐತಿ. ರಾಮಾಯಣ ಬರದ ಕವಿಗಳ ಭಾರಕ್ಕ ಭೂಮಿ ಹೊತ್ತ ಆದಿಶೇಷನೇ ತಿಣುಕಿದ, ಆ ಗದ್ದಲದಾಗ ಕಾಲಿಡಾಕ ಜಾಗ ಇಲ್ಲ, ಈ ಸಣ್ಣಪುಟ್ಟ ಕವಿಗಳನ್ನ ನಾ ಲೆಕ್ಕಕ್ಕ ಹಿಡೀತೀನೇನು, ಸಾಕು ಎಣಿಸಬ್ಯಾಡ, ಉಳಿದವ್ರನ್ನ ಕುಣಿಸಿ ನಗತೀನಿ ಅಂತಾನ.

ಈಗ ಎಣಿಸೂಣು. ಮಾತ್ರೆ ಅಂದ್ರ ಅಕ್ಷರ ಅನ್ನಾಕ ಹಿಡಿಯೂ ಹೊತ್ತಿನ ಅಳತಿ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಇದ್ರ, ಮುಂದ ಒತ್ತಕ್ಷರ ಬಂದ್ರ, ಅನುಸ್ವಾರ ವಿಸರ್ಗ ಹತ್ತಿದ್ರ ಗುರು, ಎರಡು ಮಾತ್ರೆ. ಭಾಮಿನಿಯೊಳಗ ಮೂರು ನಾಕು, ಮೂರು ನಾಕು ಅಂತ ಗಣ (ಮಾತ್ರೆಗಳ ಗುಂಪು) ಬರತಾವ, ಸಣ್ಣ ಸಾಲಿಗೆ 14 ಮಾತ್ರೆ, ಮೂರನೇ ಮತ್ತ ಆರನೇ ಸಾಲಿಗೆ ಅದರ ಒಂದೂವರಿ ಪಟ್ಟು ಅಂದ್ರ 21, ಕೊನಿಗೊಂದು ಗುರು ಸೇರಿ 23. ಒಟ್ಟು ಪದ್ಯಕ್ಕ 102. ಮೊದಲನೇ ಸಾಲು ನೋಡ್ರಿ: ತಿಣುಕಿ ಮೂರು, ದನುಫಣಿ ನಾಕು, ರಾಯ ಮೂರು, ರಾಮಾ ನಾಕು. 14. ಬಾಯಿಲೆ ಅನ್ಕೊಂತ ಬೆರಳಿಲೆ ಬಡೀರಿ, ಲೆಕ್ಕ ತಾನ ಕುಂದ್ರತೈತಿ.

ಟೈಪ್ ಮಾಡೂ ಹುಡುಗ "ರಾಮಾ" ಅಂತ ಇದ್ದದ್ದನ್ನ "ರಾಮ" ಮಾಡಿದ ಅಂತ ತಿಳೀರಿ. ಮಾಡೇ ಮಾಡತಾನ, ಯಾಕಂದ್ರ ಅವಂಗ ರಾಮ ಗೊತ್ತು, ಸಾಲಿನ ತುದಿಗೆ ಒಬ್ಬಾಂವ ರಾಮಾ ಅಂತ ಯಾಕ ನಿಂತಾನೋ ಗೊತ್ತಿಲ್ಲ. ಆವಾಗ ಸಾಲಿಗೆ 13 ಮಾತ್ರೆ ಆತು. ಹಾಡಿದ ಕೂಡ್ಲೆ ಗವಾಯಿ ಅಲ್ಲೇ ಎಡವತಾನ. ಇದು ಮಾತ್ರೆಯಿಂದ ಸಿಕ್ಕ ತಪ್ಪು.

ಇನ್ನ "ಯಣದ" ಅನ್ನೂದು "ಯನದ" ಆತಂದ್ರ? ಮಾತ್ರೆ ಮೂರಕ್ಕ ಮೂರ ಐತಿ, ಎಣಿಕಿಗೆ ಸಿಗಂಗಿಲ್ಲ. ಇಲ್ಲಿ ಪ್ರಾಸ ಕೆಲಸಕ್ಕ ಬರತೈತಿ. ನಮ್ಮ ಹಳೇ ಕಾವ್ಯದಾಗ ಪ್ರಾಸ ಅಂದ್ರ ಸಾಲಿನ ಕೊನಿಗೆ ಅಲ್ಲ, ಸಾಲಿನ ಎರಡನೇ ಅಕ್ಷರಕ್ಕ. ಆರೂ ಸಾಲಿನ ಎರಡನೇ ಅಕ್ಷರ ನೋಡ್ಕೊಂತ ಬರ್ರಿ: ತಿಣು, ಯಣ, ತಿಣಿ, ಬಣ, ಕೆಣಿ, ಕುಣಿ. ಆರಕ್ಕಾರೂ ಣಕಾರ. ನಡುವ ಒಂದು ನಕಾರ ಬಂತಂದ್ರ ಎದ್ದು ಕಾಣತೈತಿ. ಈಗ ರಾಮಾಯಣ ಅನ್ನೂ ಶಬ್ದಾನ ರಾಮಾ ಅಂತ ಮುರದು ಯಣದ ಅಂತ ಕೆಳಗ ಯಾಕ ಒಗದಾನ ಅನ್ನೂದೂ ತಿಳೀತಲ್ಲ, ಅಲ್ಲಿ ಣಕಾರ ಎರಡನೇ ಮನಿಗೆ ಬರಬೇಕಾಗಿತ್ತು ಅದಕ್ಕ.

ಮೂರನೇ ತಪ್ಪು ಭಾಳ ಖೊಟ್ಟಿ. "ಕೆಣಿಸದಿರು" ಅನ್ನೂದನ್ನ ನೋಡಿ, ಅರೆ ಇದೇನು ಶಬ್ದ, "ಕೆಣಕದಿರು" ಇರಬೇಕು ಅಂತ ಯಾರೋ ಶಾಣ್ಯಾ ತಿದ್ದಿಬಿಟ್ಟ ಅನ್ಕೊಳ್ರಿ. ಮಾತ್ರೆ ಸರಿ. ಎರಡನೇ ಅಕ್ಷರ ಣಕಾರನೂ ಸರಿ. ಅರ್ಥನೂ ಮ್ಯಾಲ್ನೋಟಕ್ಕ ಕುಂತೇಬಿಡ್ತೈತಿ, ಸೊಕ್ಕಿನ ಪದ್ಯ ಅಲ್ಲಾ, ನನ್ನ ಕೆಣಕಬ್ಯಾಡ ಅಂದಂಗ. ಮತ್ತ ಹೆಂಗ ಹಿಡೀಬೇಕು? ಮಾಸ್ತರು ಪೆನ್ನು ಹಿಂದಿನ ಸಾಲಿನ ತುದಿಗಿ ಇಟ್ಟ್ರು. "ಹಂಗಾದ್ರ ಈ 'ಸಾ' ಅನ್ನೋ ಅನಾಥ ಯಾರ ಮನಿದು?" ಸಾಕು ಎಣಿಸದಿರು, ಲೋಪಸಂಧಿ, ಸಾಕೆಣಿಸದಿರು. ಸಾ ಮ್ಯಾಲಿನ ಸಾಲಿನ್ಯಾಗ, ಕೆಣಿಸದಿರು ಕೆಳಗಿನ ಸಾಲಿನ್ಯಾಗ. ಕೆಣಕದಿರು ಮಾಡಿದ್ರ ಸಾ ತಬ್ಬಲಿ. ನನಗ ಆವತ್ತು ಮೈ ಜುಂ ಅಂತು, ಯಾಕಂದ್ರ ಸಂಧಿ ಅನ್ನೂದು ನನ್ನ ತಲ್ಯಾಗ "ಬಿಡಿಸಿ ಹೆಸರಿಸಿ" ಅನ್ನೂ ಪ್ರಶ್ನಿ ಆಗಿ ಮಾತ್ರ ಇತ್ತು, ಅದು ಒಂದು ಸಾಲನ್ನ ಇನ್ನೊಂದು ಸಾಲಿಗೆ ಹೊಲದು ಇಡೂ ದಾರ ಅಂತ ಯಾರೂ ಹೇಳಿರ್ಲಿಲ್ಲ.

ಆಮ್ಯಾಲ ನನಗ ಎಣಿಸೂ ಚಟ ಹತ್ತಿತು. ಬಸ್ಸಿನ ಹಿಂದ ಬರದದ್ದು, ಚುನಾವಣಿ ಘೋಷಣಿ, ಎಲ್ಲಾದಕ್ಕೂ ಬೆರಳು ತಾವ ಬಡಕೋತಾವ. ಎರಡನೇ ಅಕ್ಷರದ ಪ್ರಾಸ ಅಂತೂ ಕಾವ್ಯದಾಗ ಮಾತ್ರ ಐತಿ ಅಂದ್ಕೊಂಡಿದ್ದೆ, ಕಿವಿ ತೆರದ ಮ್ಯಾಲ ನೋಡಿದ್ರ ಗಾದಿ ಮಾತಿನ ತುಂಬ ಅದ ಐತಿ. ಊರಿಗೆ ಬಂದಾಕಿ ನೀರಿಗೆ ಬರದಽ ಇರತಾಳೇನು, ಊರಿ ನೀರಿ. ತಾಳಿದವನು ಬಾಳಿಯಾನು, ತಾಳಿ ಬಾಳಿ. ಕೈ ಕೆಸರಾದರ ಬಾಯಿ ಮೊಸರು, ಕೆಸ ಮೊಸ. ಇವನ್ನ ಕಟ್ಟಿದವ್ರು ಯಾರೂ ನಾಗವರ್ಮನ ಛಂದೋಂಬುಧಿ ಓದಿದವ್ರಲ್ಲ. ನಾಗವರ್ಮ ಹತ್ತನೇ ಶತಮಾನದ ಕೊನಿಗೆ ಕನ್ನಡ ಛಂದಸ್ಸಿಗೆ ಅಂತನ ಪುಸ್ತಕ ಬರದು, ಎರಡನೇ ಅಕ್ಷರದ ಹಿಂದಿನದು ಹ್ರಸ್ವ ಇದ್ರ ಸಿಂಹಪ್ರಾಸ, ದೀರ್ಘ ಇದ್ರ ಗಜಪ್ರಾಸ, ಬಿಂದು ಇದ್ರ ವೃಷಭಪ್ರಾಸ ಹಿಂಗ ಆರು ಪ್ರಾಣಿಗಳ ಹೆಸರಿಟ್ಟ. ಆ ಲೆಕ್ಕದಾಗ ನಮ್ಮ ಊರಿ ನೀರಿ ಗಜಪ್ರಾಸ, ಕೆಸರು ಮೊಸರು ಸಿಂಹಪ್ರಾಸ. ಗಾದಿ ಹೇಳೂ ನಮ್ಮ ಆಯಿಗೆ ಇದನ್ನ ಹೇಳಿದ್ರ "ಹೂಂ, ಸಿಂಹ ಆನಿ ಎಲ್ಲಾ ನಮ್ಮ ಬಾಯಾಗ ಅದಾವೇನ" ಅಂತ ನಕ್ಕಿದ್ಲು.

ಇದನ್ನ ಕೇಳಿ ಯಾರಾದ್ರೂ, ನೋಡ್ರಿ ಜನಕ್ಕ ಎಲ್ಲಾ ಗೊತ್ತಿತ್ತು, ಹೆಸರಿನ ಹಂಗ್ಯಾಕ ಅಂತಾರ, ಕವಿರಾಜಮಾರ್ಗದ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" (ಕುಂತು ಓದದನೂ ಕಾವ್ಯ ಬಲ್ಲ ಮಂದಿ) ಅನ್ನೂ ಮಾತು ತಂದು ಭಾಷಣ ಬಿಗೀತಾರ. ನವೆಂಬರ್ ಬಂತಂದ್ರ ಆ ಸಾಲು ಹಾಕಿರೂ ಬ್ಯಾನರ್ ನಾವ ಪ್ರಿಂಟ್ ಹೊಡಿತೀವಿ. ಆದ್ರ ಆ ಸಾಲು ಇರೂದು ಯಾ ಪುಸ್ತಕದಾಗ ಅನ್ನೂದನ್ನ ಯಾರೂ ನೋಡಂಗಿಲ್ಲ. ಅದು ಓದಿ ಕಲೀರಿ ಅಂತ ಬರದ ಪುಸ್ತಕ. ಕನ್ನಡದಾಗ ನಮ್ಮ ಕೈಗೆ ಸಿಕ್ಕಿರೂ ಎಲ್ಲಾಕಿಂತ ಹಳೇ ಗ್ರಂಥ, 9ನೇ ಶತಮಾನದ್ದು, ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ಬರದದ್ದು, ಸಂಸ್ಕೃತದ ದಂಡಿ ಬರದ ಕಾವ್ಯಾದರ್ಶವನ್ನ ಮುಂದಿಟ್ಕೊಂಡು ಮಾಡಿದ್ದು. ಮೂರು ಪರಿಚ್ಛೇದ ಅದಾವ, ಎರಡನೇದ್ದು ಶಬ್ದಾಲಂಕಾರ, ಮೂರನೇದ್ದು ಅರ್ಥಾಲಂಕಾರ. ಮತ್ತ ಮೊದಲನೇದ್ದು? ದೋಷಗಳು! ಕಾವ್ಯದಾಗ ಏನೇನು ತಪ್ಪು ಆಗತಾವ, ಯಾವ್ದು ತಪ್ಪು ಯಾವ್ದು ತಪ್ಪಲ್ಲ ಅನ್ನೂದು. ಅಂದ್ರ ನಮ್ಮ ಮಾಸ್ತರು ಕೆಂಪು ಪೆನ್ನು ಹಿಡಕೊಂಡು ಎಲ್ಲಿಂದ ಶುರು ಮಾಡತಾರೋ ಶ್ರೀವಿಜಯನೂ ಅಲ್ಲಿಂದನ ಶುರು ಮಾಡ್ಯಾನ. ನಮ್ಮ ಸಾಲಿ ಪುಸ್ತಕದಾಗ ದೋಷ ಅನ್ನೂ ಪಾಠ ಪೂರ್ತಿ ಕಿತ್ತು ಒಗದು ಅಲಂಕಾರ ಅಷ್ಟ ಉಳಿಸ್ಕೊಂಡಾರ, ನನಗ ಕೇಳಿದ್ರ ಇದ ದೊಡ್ಡ ನಷ್ಟ. ಕೆಟ್ಟ ಸಾಲು ಯಾಕ ಕೆಟ್ಟದ್ದು ಅಂತ ಕಂಡು ಹಿಡಿಯಾಕ ಗೊತ್ತಿಲ್ಲದ ಹುಡುಗಗ ಚಲೋ ಸಾಲಿನ ಅಲಂಕಾರದ ಹೆಸರು ತಗೊಂಡು ಮಾಡೂದೇನೈತಿ? (ಅದ ಪುಸ್ತಕದಾಗ ಕನ್ನಡದ ತಿರುಳು ಇರೂ ಸೀಮಿ ಹೇಳೂವಾಗ ಪುಲಿಗೆರೆ ಬರತೈತಿ, ಅಂದ್ರ ನಮ್ಮ ಜಿಲ್ಲಾದ ಲಕ್ಷ್ಮೇಶ್ವರ. ಇದನ್ನ ಹೇಳದಽ ಮುಂದ ಹೋದ್ರ ಲಕ್ಷ್ಮೇಶ್ವರದ ನಮ್ಮ ಬೀಗರು ಸಿಟ್ಟಾಗತಾರ.)

ಎಣಿಕಿ ಎಲ್ಲಾ ಕಡೆ ನಡಿಯಂಗಿಲ್ಲ ಅನ್ನೂದನ್ನೂ ಹೇಳಬೇಕು. ಒಮ್ಮೆ ಬೀಸುಕಲ್ಲಿನ ಪದಗಳ ಸಂಗ್ರಹ ಬಂತು, ತ್ರಿಪದಿ ಎಲ್ಲಾ. ನಾ ಹುರುಪಿಲೆ ಎಣಸಾಕ ಕುಂತೆ, ಒಂದೂ ಲೆಕ್ಕ ಹತ್ತವಲ್ದು. ಮಾಸ್ತರು ನೋಡಿ ನಕ್ಕು, ಇದು ಮಾತ್ರಾಗಣ ಅಲ್ಲೋ ಮಾರಾಯಾ, ಅಂಶಗಣ, ಬ್ರಹ್ಮ ವಿಷ್ಣು ರುದ್ರ ಅಂತ ಬರತಾವ ನೋಡು, ಅಲ್ಲಿ ಹಾಡೂ ಹೆಣ್ಣಮಗಳು ಎಳದ್ರ ಎಳೀತಾವ ಬಿಟ್ರ ಬಿಡ್ತಾವ ಅಂದ್ರು. "ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ, ಎಳ್ಳು ಜೀರಿಗಿ ಬೆಳೆಯೋಳ" ಅಂತ ಹಾಡತಾರಲ್ಲ, ಅಲ್ಲಿ ಬೆಳ ಎಳ್ಳು ಅಂತ ಎರಡು ಸಾಲಿಗೆ ಳಕಾರ ಹಿಡದು, ಮೂರನೇ ಸಾಲು "ಎದ್ದೊಂದು ಗಳಿಗಿ ನೆನೆದೇನು" ಅಂತ ಪ್ರಾಸ ಬಿಟ್ಟು ಹೋಗತೈತಿ. ತಪ್ಪು ಅಂತ ಸುತ್ತು ಹಾಕಾಕ ಪೆನ್ನು ಎತ್ತಿದ್ರ ನಮ್ಮಂಥಾ ದಡ್ಡರು ಯಾರೂ ಇಲ್ಲ. ವಚನದಾಗಂತೂ ಎಣಸಾಕ ಏನೂ ಇಲ್ಲ, ಅರ್ಥ ಮತ್ತ ಕೊನಿಗೆ ಬರೂ ಅಂಕಿತ, ಇವೆರಡ ಕೈಗೆ ಸಿಗೂವಂಥಾವು, ಹಿಂಗಾಗಿ ವಚನದ ಪ್ರೂಫಿಗೆ ಮಾಸ್ತರು ಮೂಲ ಪುಸ್ತಕ ಬಗಲಾಗ ಇಟ್ಕೊಂಡ ಕುಂದ್ರತಾರ. ಹೊಸಗನ್ನಡದ ಕವಿತಾದ್ದೂ ಇದ ಕಥಿ, ಮಂಜೇಶ್ವರದ ಗೋವಿಂದ ಪೈಯವರು 1911ರ ಸುಮಾರಿಗೆ ಎರಡನೇ ಅಕ್ಷರದ ಪ್ರಾಸ ಬಿಟ್ಟು ಬರಿಯಾಕ ಹತ್ತಿದ್ರು, ಆವಾಗ ಅದು ದೊಡ್ಡ ಧೈರ್ಯದ ಕೆಲಸ, ಕವಿಗಳಿಗೆ ಬಿಡುಗಡಿ ಸಿಕ್ಕಿತು, ಪ್ರೂಫ್ ತಿದ್ದೂವ್ರ ಕೈಯಾಗಿಂದು ಒಂದು ಹತಾರ ಹೋತು.

ಛಂದಸ್ಸಿನ ಮಾತು ಹಿಂಗ ಆತು, ಅಲ್ಲಿ ಸರಿ ತಪ್ಪು ಎಣಿಸಿ ಹೇಳಬಹುದು. ಅಲಂಕಾರದಾಗ ಹಂಗಿಲ್ಲ, ಅದಕ್ಕ ಅಲ್ಲಿ ಗೊಂದಲ ಜಾಸ್ತಿ. ನಮ್ಮ ಅಕ್ಕನ ಮಗಳು ಈ ವರ್ಷ ಹತ್ತನೇತ್ತಾ. ಟ್ಯೂಷನ್ ಮುಗಿಸಿ ಮನಿಗೆ ಹೋಗೂ ಮುಂದ ಅಂಗಡಿಗೆ ಬಂದು ಕುಂದ್ರತಾಳ. ಇಂಗ್ಲಿಷ್ ಪಿರಿಯಡ್ಡಿನ್ಯಾಗ ಸಿಮಿಲಿ ಮೆಟಾಫರ್ ಕಲ್ತಾಳ, ಕನ್ನಡ ಪಿರಿಯಡ್ಡಿನ್ಯಾಗ ಉಪಮಾ ರೂಪಕ ಕಲ್ತಾಳ, ಎರಡೂ ಅಣ್ಣತಮ್ಮರು ಅಂತ ಎರಡೂ ಕಡೆ ಹೇಳಿಲ್ಲ. "ಮಾಮಾ, ಉಪಮಾ ತಿಳೀತೈತಿ, ಅಂತೆ ಬಂದ್ರ ಉಪಮಾ. ಉತ್ಪ್ರೇಕ್ಷಾ ರೂಪಕ ಅತಿಶಯೋಕ್ತಿ ಇವು ಮೂರೂ ಒಂದ ಅನಿಸ್ತಾವ ನನಗ" ಅಂದ್ಲು.

ಅಂಗಡ್ಯಾಗ ಆವಾಗ ಒಬ್ಬ ಗಿರಾಕಿ ಬಂದು ಹೋಗಿದ್ದ, ಕೆಂಪನ್ನ ಅಂಗಿ, ದೊಡ್ಡ ಮೀಸಿ, ದನಿ ಏರಿಸಿ ಮಾತು ಶುರು ಮಾಡಿ, ಚಾ ಕೊಟ್ಟ ಕೂಡ್ಲೆ ತಣ್ಣಗಾಗಿ ಹೇಳಿದ ರೇಟಿಗೆ ಒಪ್ಪಿ ಹೋದ. ಅಂವನ್ನ ಹಿಡಕೊಂಡ ಶುರು ಮಾಡಿದ್ವಿ. ಅಂವ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಕೆಂಪಗೆ ಕಾಣತಾನ, ಖಾರ ಇಲ್ಲ. ಉಪಮೇಯ ಗಿರಾಕಿ, ಉಪಮಾನ ಮೆಣಸಿನಕಾಯಿ, ವಾಚಕ ಇದ್ದಂಗ, ಸಮಾನಧರ್ಮ ಬಣ್ಣ ಭಾಳ ಖಾರ ಕಡಿಮಿ. ನಾಲ್ಕೂ ಇದ್ದದ್ದಕ್ಕ ಪೂರ್ಣೋಪಮೆ. ಈಗ ಕೊನೀದ್ದು ಬಿಡು: ಅಂವ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ. ಸಮಾನಧರ್ಮ ಹೋತು, ಲುಪ್ತೋಪಮೆ. ಹಾವೇರಿ ಗದಗ ಕಡೆಯವ್ರಿಗೆ ಇಷ್ಟ ಸಾಕು, ಬ್ಯಾಡಗಿ ಅಂದ್ರ ಬಣ್ಣಕ್ಕ ಹೆಸರು ಖಾರಕ್ಕಲ್ಲ ಅಂತ ಅಡಗಿ ಮನ್ಯಾಗ ಕುಂತ ಗೊತ್ತು. ಆ ಕಾಯಿ ಗೊತ್ತಿಲ್ಲದ ಊರಾಗ ಇದನ್ನ ಹೇಳಿ ನೋಡ್ರಿ, ಅಯ್ಯೋ ಭಾಳ ಸಿಟ್ಟಿನ ಮನಿಷಾ ಅಂತ ಉಲ್ಟಾ ತಿಳ್ಕೋತಾರ. ಲುಪ್ತ ಅನ್ನೂ ಹೆಸರಿನಿಂದ ಕೆಲಸ ತಗೊಳ್ಳೂದು ಅಂದ್ರ ಇದು, ಕವಿ ಏನು ಬಿಟ್ಟಾನ, ಯಾರನ್ನ ನಂಬಿ ಬಿಟ್ಟಾನ ಅಂತ ಕೇಳೂದು. ಮದಗಜದ್ದೂ ಅಷ್ಟ, ಆನೀ ಪಡೆ ಕಣ್ಣಿಲೆ ನೋಡಿದ ಕಾಲದ ಕೇಳುಗ್ರಿಗೆ ಏನೂ ಹೇಳೂದು ಬ್ಯಾಡಾಗಿತ್ತು.

ಮುಂದ ಇದ್ದಂಗ ಅನ್ನೂದನ್ನೂ ತಗದು, ಅಂವ ಬ್ಯಾಡಗಿ ಮೆಣಸಿನಕಾಯಿನ ಅಂದ್ರ ರೂಪಕ, ಅಂವಗೂ ಕಾಯಿಗೂ ಭೇದ ಇಲ್ಲ ಅಂದಂಗಾತು. ಬ್ಯಾಡಗಿ ಮೆಣಸಿನಕಾಯಿನ ಅಂಗಿ ತೊಟ್ಟು ಬಂದೈತೋ ಏನೋ ಅನ್ನಂಗ ಬಂದ ಅಂದ್ರ ಉತ್ಪ್ರೇಕ್ಷೆ, ಅಲ್ಲಿ ಒಂದನ್ನ ಇನ್ನೊಂದು ಅಂತ ಊಹೆ ಮಾಡತೀವಿ, ಏನೋ ಅನ್ನೂ ಅನುಮಾನ ಉಳಿಸ್ಕೊಂಡು. ಇನ್ನ ಅವನ ಹೆಸರ ಎತ್ತದನ, ಬಂತು ನೋಡ ಬ್ಯಾಡಗಿ ಮೆಣಸಿನಕಾಯಿ, ಚಾ ಇಡು ಅಂದ್ರ? ಉಪಮೇಯಾನ ನುಂಗಿ ಉಪಮಾನ ಒಂದ ಉಳೀತು. ಅದಕ್ಕ ಶಾಸ್ತ್ರದಾಗ ರೂಪಕಾತಿಶಯೋಕ್ತಿ ಅಂತಾರ, ಇಷ್ಟುದ್ದದ ಹೆಸರು, ಅಡ್ಡಹೆಸರಿಟ್ಟು ಕರಿಯೂವಾಗ ನಾವು ದಿನಾ ಮಾಡೂ ಕೆಲಸ. ಹುಡುಗಿ ತಾನ ಇನ್ನೊಂದು ಹಿಡಕೊಂಡು ಅವ್ರ ಗಣಿತದ ಟೀಚರ್ ಮ್ಯಾಲ ನಾಕೂ ನಮೂನಿ ಕಟ್ಟಿದ್ಲು, ಅದನ್ನ ಇಲ್ಲಿ ಬರಿಯಂಗಿಲ್ಲ.

ಒಂದ ಸಾಲನ್ನ ಹಿಂಗ ನಾಕು ಕಡೆ ಹೊಳ್ಳಿಸಿದ್ರ ಫರಕು ಕೈಗೆ ಸಿಗತೈತಿ. ಬ್ಯಾರೆ ಬ್ಯಾರೆ ಉದಾಹರಣಿ ಕೊಟ್ಟು ಬಾಯಿಪಾಠ ಮಾಡಿಸಿದ್ರ ಸಿಗಂಗಿಲ್ಲ, ಯಾಕಂದ್ರ ಅಲ್ಲಿ ಅಲಂಕಾರ ಬದಲಾದ್ದು ಕಾಣಂಗಿಲ್ಲ, ವಿಷಯ ಬದಲಾದ್ದು ಕಾಣತೈತಿ. ಪಾಠ ಬರಿಯೂವ್ರು ಯಾರಾದ್ರೂ ಇದನ್ನ ಓದಿದ್ರ ದಯಮಾಡಿ ನೋಡ್ರಿ.

ಮದಗಜ, ಮುಖಕಮಲ ಅನ್ನೂ ಹಳೇ ಉದಾಹರಣಿ ಬಿಟ್ಟ್ರ ಬ್ಯಾರೆ ಎಲ್ಲಿ ಸಿಗಬೇಕು ಅಂತ ಕೇಳೂವ್ರಿಗೆ ನಯಸೇನ ಅದಾನ. ಗದಗಿನ ಹತ್ರದ ಮುಳಗುಂದದಂವ, 1112ರಾಗ ಧರ್ಮಾಮೃತ ಬರದಂವ. ಒಂದು ಮಾತು ಹೇಳಾಕ ಸಾಲಾಗಿ ಹೋಲಿಕಿ ಇಡೂದು ಅವನ ಖಯಾಲಿ, ಅವೂ ಊರ ಮಂದಿ ಬಾಯಾಗಿನ ಹೋಲಿಕಿ. ಕನ್ನಡದಾಗ ಸಂಸ್ಕೃತ ತುರುಕೂ ಕವಿಗಳಿಗೆ ಝಾಡಿಸಿ, ಸಂಸ್ಕೃತ ಬೇಕಂದ್ರ ಸಂಸ್ಕೃತದಾಗನ ಬರೀರಿ, ಶುದ್ಧ ಕನ್ನಡಕ್ಕ ತಂದು ಇಕ್ಕತೀರೇನು ಅಂತ ಕೇಳಿ, "ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ" ಅಂತ ಮುಗಸ್ತಾನ, ತುಪ್ಪ ಎಣ್ಣಿ ಕೂಡಿಸೂದು ತಕ್ಕದ್ದೇನು ಅಂತ. ಅಂತೆ ಇಲ್ಲ, ಹಾಂಗ ಇಲ್ಲ, ಎರಡು ಮಾತು ಒಂದರ ಮುಂದ ಒಂದು ಕನ್ನಡಿ ಹಿಡದಂಗ ನಿಂತಾವ, ಅದಕ್ಕ ದೃಷ್ಟಾಂತ ಅಂತಾರ. ಮಜಾ ಏನಂದ್ರ ಇಷ್ಟು ಬೈಯೂ ಸಾಲಿನ್ಯಾಗ ತುಪ್ಪ ಎಣ್ಣಿ ಅನ್ನದಽ ಘೃತ ತೈಲ ಅಂತ ಸಂಸ್ಕೃತಾನ ಇಟ್ಟಾನ. ಛಂದಸ್ಸಿನ ಸಲುವಾಗಿ ಇರಬೇಕು ಅಂತಾರ ಮಾಸ್ತರು. ಬೇಕಂತನ ಅಣಕಿಸ್ಯಾನ ಅಂತ ನನ್ನ ವಾದ, ಇಬ್ಬರೂ ಇನ್ನಾ ಸೋತಿಲ್ಲ.

ಸಾಲಿ ಅಲಂಕಾರದ ಇನ್ನೊಂದು ತೊಂದ್ರಿ, ಅದು ಒಂದು ವಾಕ್ಯದ ಆಚೆ ನೋಡಂಗಿಲ್ಲ. "ಈ ವಾಕ್ಯದಲ್ಲಿರುವ ಅಲಂಕಾರ ಹೆಸರಿಸಿ" ಅಂತಾರ. ಇಡೀ ಪದಾನ ಒಂದು ರೂಪಕ ಆಗಿದ್ರ? ಶಿಶುನಾಳ ಶರೀಫರ "ಸೋರುತಿಹುದು ಮನೆಯ ಮಾಳಿಗಿ" ತಗೊಳ್ರಿ. ನಮ್ಮ ಕಡೆ ಹಳೇ ಮನಿ ಅಂದ್ರ ಮಣ್ಣಿನ ಮೇಲ್ಮುದ್ದಿ ಮನಿ, ಮ್ಯಾಲ ಸಪಾಟ ಮಣ್ಣು ಹಾಕಿದ ಮಾಳಿಗಿ. ಜಿಟಿಜಿಟಿ ಮಳಿ ಹಿಡೀತಂದ್ರ ಮೂಲಿಯಿಂದ ಹನಿ ಶುರು, ಬೋಗಾಣಿ ಇಡು, ಹಾಸಿಗಿ ಸರಸು, ಕತ್ತಲಾಗ ಮ್ಯಾಲ ಹತ್ತಾಕ ಯಾರೂ ಒಲ್ಲರು. ಪದದಾಗ ಮನಿ ಕಥಿನ ಐತಿ, ಆದ್ರ ಶರೀಫರು ಮೊದಲನೇ ಸಾಲಿಗೇ "ಅಜ್ಞಾನದಿಂದ" ಅಂತ ಒಂದು ಶಬ್ದ ಸೇರಿಸಿ ಕೀಲಿಕೈ ಕೊಟ್ಟುಬಿಟ್ಟಾರ. ಆ ಒಂದು ಶಬ್ದ ತಗದು ಓದಿ ನೋಡ್ರಿ, ಮಳಿಗಾಲದ ಗೋಳು ಅಷ್ಟ ಉಳೀತೈತಿ. ಆ ಶಬ್ದ ಇಟ್ಟ ಕೂಡ್ಲೆ ಮಾಳಿಗಿ ಮಣ್ಣಿಂದಲ್ಲ. ಆದ್ರೂ ಸೋರೂದು ನಿಜವಾದ ಮಾಳಿಗಿನ, ಅದಕ್ಕ ಅದು ಹಾಡಿದಾಗ ಮಳ್ಯಾಗ ನೆಂದ ಹಾಸಿಗಿ ನೆನಪಾಗತೈತಿ, ವೇದಾಂತ ಆಮ್ಯಾಲ. ಹಾವೇರಿ ಕಡೆ ಬಾಡದ ಕನಕದಾಸರು ರಾಮಧಾನ್ಯ ಚರಿತೆಯೊಳಗ ರಾಗಿ ಮತ್ತ ಅಕ್ಕಿ ಜಗಳಾ ಹಚ್ಚಿ, ರಾಮ ಎರಡನ್ನೂ ಆರು ತಿಂಗಳು ಸೆರ್ಯಾಗ ಇಟ್ಟು, ಕೆಡದಽ ಉಳಿದ ರಾಗಿನ ಗೆದ್ದಿತು ಅಂತ ಹೇಳತಾರಲ್ಲ, ಅಲ್ಲಿ ಯಾ ವಾಕ್ಯ ತಗದು ಯಾ ಅಲಂಕಾರ ಅಂತ ಹೆಸರಿಸೂದು? ಧಾನ್ಯಕ್ಕ ಬಾಯಿ ಬಂದದ್ದೂ, ಆ ಬಾಯಿಲೆ ಮ್ಯಾಲು ಕೀಳಿನ ಮಾತು ಆಡಿಸಿದ್ದೂ ಇಡೀ ಕಾವ್ಯದ ಕೆಲಸ. ಪರೀಕ್ಷಾದ ಪ್ರಶ್ನಿಗೆ ಅದು ಹಿಡಿಯಂಗಿಲ್ಲ.

ಮೊನ್ನೆ ಒಂದು ಲಗ್ನಪತ್ರಿಕಿ ಬಂತು. ಹುಡುಗನ ಕಡೆಯವ್ರು ಪತ್ರಿಕಿ ಮ್ಯಾಲ ಪದ್ಯ ಇರಲಿ ಅಂದದ್ದಕ್ಕ ಮಾಸ್ತರು ಕುಂತ ಜಾಗದಾಗನ ಚಂದಂದು ಒಂದು ಭಾಮಿನಿ ಬರದು ಕೊಟ್ಟ್ರು, ಎರಡನೇ ಅಕ್ಷರಕ್ಕ ಲಕಾರ ಹಿಡದು, ಮದುಮಕ್ಕಳ ಹೆಸರೂ ಗಣಕ್ಕ ಕೂಡಿಸಿ. ಪ್ರೂಫ್ ಕಳಿಸಿದ ಮ್ಯಾಲ ಅವ್ರಿಂದ ವಾಟ್ಸಾಪಿನ್ಯಾಗ ತಿದ್ದುಪಡಿ ಬಂತು, ಐದನೇ ಸಾಲಿನ್ಯಾಗ ನಮ್ಮ ದೊಡ್ಡ ಕಾಕಾ ಹೆಸರು ಬರಬೇಕು, ಹಿಂದ ಶ್ರೀ ಹಾಕಬೇಕು, ಮುಂದ ಅವ್ರ ಹುದ್ದೆ ಬರಬೇಕು ಅಂತ. ಮಾಸ್ತರು ಬೆರಳು ಬಡದು ನೋಡಿದ್ರು, ಹುದ್ದೆ ತಗದು ಹೆಸರನ್ನ ಅಲ್ಲಿ ಇಲ್ಲಿ ಒತ್ತಿ ತುರುಕಿದ್ರೂ 16 ಆಗತಾವ. ನಾ ಫೋನ್ ಹಚ್ಚಿ, ಸರ್ ಶ್ರೀ ಅನ್ನೂದು ಗುರು ಅಕ್ಷರ, ಅದೊಂದು ತಗದ್ರ ಎರಡು ಮಾತ್ರೆ ಉಳದು ಪದ್ಯ ಸರಿ ಕುಂದ್ರತೈತಿ ನೋಡ್ರಿ ಅಂತ ಹೇಳಿದೆ. ಆ ಕಡಿಯಿಂದ ಸ್ವಲ್ಪ ಹೊತ್ತು ಸುಮ್ಮನ ಇದ್ದು, "ಸರ, ಪದ್ಯ ಕುಂದ್ರತೈತಿ, ಖರೆ. ಶ್ರೀ ತಗದ್ರ ನಮ್ಮ ಕಾಕಾ ಮದಿವ್ಯಾಗ ಕುಂದ್ರಂಗಿಲ್ಲ, ನೀವು ಹಾಕಿಬಿಡ್ರಿ" ಅಂದ್ರು. ಹಾಕಿದ್ವಿ. ಐದನೇ ಸಾಲು 16 ಮಾತ್ರೆದ ಪತ್ರಿಕಿ ಐನೂರು ಪ್ರಿಂಟ್ ಆಗಿ ಹೋದ್ವು, ಮಾಸ್ತರು ಮಾತ್ರ ಪ್ರೂಫಿನ ಹಾಳ್ಯಾಗ ಆ ಶ್ರೀಗೆ ಕೆಂಪು ಸುತ್ತು ಹಾಕೇ ಫೈಲಿಗೆ ಸೇರಿಸಿದ್ರು.